ತಾನೇ ಉಣ್ಣುತ್ತಾಳೆ

ನಮ್ಮ ಮನೆಯಲ್ಲಿ ಊಟಕ್ಕೆ ಇಳಿಯುತ್ತಿದ್ದುದು ಎರಡೇ ತಾಟು. ಒಂದು ಅಪ್ಪನದು, ಒಂದು ಅವ್ವನದು. ಬಡತನಕ್ಕಲ್ಲ. ಗೋಡೆಯ ಸ್ಟ್ಯಾಂಡಿನಲ್ಲಿ ಹತ್ತು ಹನ್ನೆರಡು ಸ್ಟೀಲಿನ ತಾಟುಗಳು ಸಾಲಾಗಿ ನಿಂತಿರುತ್ತಿದ್ದವು, ಬೀಗರು ಬಂದಾಗ ಮಾತ್ರ ಅವಕ್ಕೆ ಕೆಲಸ. ನಾವು ಹೆಣ್ಣುಮಕ್ಕಳಿಬ್ಬರೂ, ಹಾಸಿಗೆ ಹಿಡಿದಿದ್ದ ಅಪ್ಪನ ತಾಯಿಯೂ ಅವ್ವನ ತಾಟಿನಿಂದಲೇ ಉಣ್ಣುತ್ತಿದ್ದೆವು. ಅಪ್ಪನ ತಾಯಿಗೆ ನಾವು ಆಯಿ ಎನ್ನುತ್ತಿದ್ದೆವು. ಅವ್ವ ಬಿಸಿ ಜೋಳದ ರೊಟ್ಟಿ ಮುರಿದು, ಬೇಳೆ ಹಾಕಿ ಕಲಸಿ, ಮೇಲೆ ಶೇಂಗಾ ಚಟ್ನಿ ಉದುರಿಸಿ, ಚಮಚೆ ಎಣ್ಣೆ ಬಿಟ್ಟು ತುತ್ತು ಕಟ್ಟುತ್ತಿದ್ದಳು. ಒಂದು ಆಯಿಯ ಬಾಯಿಗೆ, ಒಂದು ಅಕ್ಕನ ಬಾಯಿಗೆ, ಒಂದು ನನ್ನ ಅಂಗೈಗೆ, ಕೊನೆಗೊಂದು ತನಗೆ. ಈ ಸರದಿ ಒಂದು ದಿನವೂ ತಪ್ಪುತ್ತಿರಲಿಲ್ಲ. ನಾನಾಗಲೇ ಹದಿಮೂರರ ಹುಡುಗಿ. ದೊಡ್ಡವಳಾದೆನೆಂಬ ಜಂಬಕ್ಕೆ ತುತ್ತನ್ನು ಬಾಯಿಗೆ ಬೇಡ, ಕೈಗೆ ಕೊಡು ಎಂದು ಜಗಳ ಮಾಡಿ ಗೆದ್ದಿದ್ದೆ. ಅಕ್ಕನಿಗೆ ಹದಿನಾರು. ಅವಳು ಬಾಯಿ ತೆರೆದು ಕಾಯುತ್ತಿದ್ದಳು.

ಆಂಟಾಪ್ ಹಿಲ್‌ನ ಕಾಲನಿಯಲ್ಲಿ, ಮೂರನೇ ಮಾಳಿಗೆಯಲ್ಲಿ, ಒಂದು ಖೋಲಿ ಮತ್ತು ಒಂದು ಅಡಿಗೆಮನೆ. ಇಷ್ಟರಲ್ಲಿ ನಾವು ಐದು ಜನ. ಖೋಲಿಯ ಒಂದು ಮೂಲೆ ಆಯಿಯ ಮಂಚಕ್ಕೆ, ಇನ್ನೊಂದು ಮೂಲೆ ದೇವರಿಗೆ ಮತ್ತು ಟಿ.ವಿ.ಗೆ ಸೇರಿ. ಅಡಿಗೆಮನೆ ಮಾತ್ರ ಅವ್ವನ ಸ್ವಂತ ರಾಜ್ಯ. ಬೆಳಿಗ್ಗೆ ಐದಕ್ಕೆ ಎದ್ದು ನಮ್ಮ ಕಡೆಯ ಹತ್ತು ಹದಿನೈದು ಮನೆಗಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು. ಧಾರವಾಡ, ಬೆಳಗಾವಿ ಕಡೆಯಿಂದ ಬಂದು ಇಲ್ಲಿ ನೌಕರಿ ಹಿಡಿದವರಿಗೆ ಮುಂಬೈಯ ಪಾವ್ ಎಷ್ಟು ದಿನ ಸೇರೀತು? ಪಟಪಟ ಸಪ್ಪಳ ನಿಂತ ದಿನ ನನಗೆ ಎಚ್ಚರವೇ ಆಗುತ್ತಿರಲಿಲ್ಲ. ಅವ್ವನ ಅಂಗೈ ಸುಟ್ಟು ಸುಟ್ಟು ಚರ್ಮ ದಪ್ಪಗಾಗಿ, ಬೆಂಕಿಯಂಥ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿ ಹಾಕುತ್ತಿದ್ದಳು. ಅದೇ ಕೈಯಲ್ಲಿ ಕಟ್ಟಿದ ತುತ್ತು ಮಾತ್ರ ಮೆತ್ತಗಿರುತ್ತಿತ್ತು. ನಾನು ಅವಳ ಮೇಲೆ ಎಷ್ಟು ಸಲ ಸಿಟ್ಟು ಮಾಡಿಕೊಂಡಿದ್ದೇನೋ ಅಷ್ಟೇ ಸಲ ಆ ತುತ್ತಿಗೆ ಕೈ ಒಡ್ಡಿದ್ದೇನೆ.

ಅಕ್ಕನ ಹೆಸರು ನೀಲಾ. ಹುಟ್ಟಿದಾಗ ಬಹಳ ಹೊತ್ತು ಅಳಲಿಲ್ಲವಂತೆ. ಆಮೇಲೆ ಕೂರುವುದು, ನಡೆಯುವುದು, ಮಾತು ಎಲ್ಲವೂ ತಡ. ಡಾಕ್ಟರು ಹೇಳಿದ ಇಂಗ್ಲಿಷ್ ಹೆಸರನ್ನು ಅಪ್ಪ ಚೀಟಿಯ ಮೇಲೆ ಬರೆಸಿಕೊಂಡು ಬಂದಿದ್ದ. ಮನೆಯಲ್ಲಿ ಯಾರೂ ಆ ಹೆಸರು ಎತ್ತುತ್ತಿರಲಿಲ್ಲ, ನೀಲಾಗೆ ಎಲ್ಲಾ ಸ್ವಲ್ಪ ಸಾವಕಾಶ ಎನ್ನುತ್ತಿದ್ದರು. ಅವಳ ಬಾಯಲ್ಲಿ ಮೂವತ್ತು ನಲವತ್ತು ಮಾತುಗಳಿದ್ದವು, ಅರ್ಧ ನಮಗಷ್ಟೇ ತಿಳಿಯುವಂಥವು. ಎಂಟನೇ ವರ್ಷಕ್ಕೆ ಅಪ್ಪ ಅವಳನ್ನು ಮುಲುಂಡ್‌ನ ಒಂದು ಸಾಲಿಗೆ ಸೇರಿಸಿದ, ಇಂಥ ಮಕ್ಕಳಿಗಾಗಿಯೇ ನಡೆಸುವ ಸಣ್ಣ ಸಾಲಿ. ಅಷ್ಟು ದೂರ ಯಾಕೆ ಎಂದು ಅವ್ವ ಎಂಟು ವರ್ಷ ಕೇಳಿದಳು. ಹತ್ತಿರದಲ್ಲಿ ಯಾರೂ ತಗೊಳ್ಳಲಿಲ್ಲ ಎಂದು ಅಪ್ಪ ಎಂಟು ವರ್ಷ ಉತ್ತರ ಕೊಟ್ಟ. ಬೆಳಿಗ್ಗೆ ರೊಟ್ಟಿ ಮುಗಿಸಿ ಅವ್ವ ಅವಳನ್ನು ಸಾಯನ್ ಸ್ಟೇಷನ್ನಿನಿಂದ ಲೋಕಲ್‌ನಲ್ಲಿ ಕರೆದೊಯ್ದು ಬಿಟ್ಟು ಬರುತ್ತಿದ್ದಳು. ಆಯಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅವ್ವನಿಗೆ ಎರಡು ಸಲ ಓಡಾಡುವುದು ಆಗದೆ, ಮಧ್ಯಾಹ್ನ ಅಕ್ಕನನ್ನು ಕರೆತರುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಸಾಲಿ ಬೆಳಗಿನ ಪಾಳಿಯದು, ಹನ್ನೆರಡಕ್ಕೆ ಬಿಡುತ್ತಿತ್ತು. ಗೆಳತಿಯರು ಗುಂಪಾಗಿ ಮನೆಗೆ ಹೋಗುವಾಗ ನಾನೊಬ್ಬಳೇ ಸ್ಟೇಷನ್ನಿನ ದಾರಿ ಹಿಡಿಯುತ್ತಿದ್ದೆ.

ಹೋದ ಮೊದಲನೇ ದಿನವೇ ನಾನು ಆ ಸಾಲಿಯ ಬಾಗಿಲಲ್ಲಿ ದಂಗಾಗಿ ನಿಂತೆ. ಅವ್ವ ಕರೆತರಲು ಹೋಗುತ್ತಿದ್ದಾಗ ಊಟ ಮುಗಿದಿರುತ್ತಿತ್ತು, ನಾನು ಬೇಗ ತಲುಪಿದ್ದೆ; ಮಕ್ಕಳೆಲ್ಲ ಚಾಪೆಯ ಮೇಲೆ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಅಕ್ಕ ತನ್ನ ಡಬ್ಬಿಯ ಮುಚ್ಚಳ ತಾನೇ ತೆಗೆದಳು, ರೊಟ್ಟಿಯನ್ನು ಮುಚ್ಚಳದ ಮೇಲೆ ಹರವಿದಳು, ಚೂರು ಮುರಿದು ಪಲ್ಯಕ್ಕೆ ಅದ್ದಿ ಬಾಯಿಗಿಟ್ಟುಕೊಂಡಳು. ಅರ್ಧ ತಿಂದಾದ ಮೇಲೆ ಪಕ್ಕದ ಹುಡುಗಿಯ ಲೋಟ ಖಾಲಿಯಾದದ್ದನ್ನು ನೋಡಿ ಎದ್ದು ಹೋಗಿ ನೀರು ತುಂಬಿಸಿಕೊಂಡು ಬಂದಳು. ಅವರ ವೈಶಾಲಿ ಟೀಚರ್, ನೀರಿನ ಕೆಲಸ ನಮ್ಮ ನೀಲಾದೇ ಎಂದು ಹಿಂದಿಯಲ್ಲಿ ಹೇಳಿ ನಕ್ಕರು. ನಾನು ಓಡಿ ಬಂದು ಅವ್ವನಿಗೆ ವರದಿ ಒಪ್ಪಿಸಿದೆ. ಅವಳು ಖುಷಿಯಾಗುತ್ತಾಳೆ ಅಂದುಕೊಂಡಿದ್ದೆ.

"ಅವ್ವಾ, ಅಕ್ಕ ಅಲ್ಲೆ ತಾನ ಉಣ್ತಾಳ. ಡಬ್ಬೀನೂ ತಾನ ತಗೀತಾಳ. ನಾ ಕಣ್ಣಿಂದ ನೋಡೇನಿ."

ಅವ್ವ ಹಿಟ್ಟು ನಾದುವುದನ್ನು ನಿಲ್ಲಿಸಿದಳು.

"ಪಾಪ. ಅಲ್ಲೆ ಉಣಸವ್ರು ಯಾರೂ ಇಲ್ಲಂತ ತಾನ ಉಣ್ತಾಳ. ತಾಯಿ ಇಲ್ಲದ ಕೂಸಿನಂಗ."

ಹಾಗೆಂದವಳೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವತ್ತು ಸಂಜೆ ಅಕ್ಕನಿಗೆ ಎರಡು ತುತ್ತು ಹೆಚ್ಚು ಬಿದ್ದವು. ಅಕ್ಕ ಬಾಯಿ ತೆರೆದಳು, ನುಂಗಿದಳು, ಮತ್ತೆ ತೆರೆದಳು. ಮಧ್ಯಾಹ್ನ ರೊಟ್ಟಿ ಮುರಿದ ಕೈಗಳು ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು. ನಾನು ಆ ಕೈಗಳನ್ನೇ ನೋಡುತ್ತ ಉಂಡೆ.

ಇನ್ನು ಲೋಕಲ್‌ನ ಮಾತು. ಇದನ್ನು ಬರೆಯಬಾರದೆಂದು ಬಹಳ ದಿನ ಅಂದುಕೊಂಡಿದ್ದೆ. ಅಕ್ಕನಿಗೆ ಹೆಂಗಸರ ತುರುಬಿನ ಹೂವೆಂದರೆ ಜೀವ. ಲೇಡೀಸ್ ಡಬ್ಬಿಯಲ್ಲಿ ಮಲ್ಲಿಗೆ ಮುಡಿದವರು ಕಂಡರೆ ಎದ್ದು ಹೋಗಿ ಮೂಸುತ್ತಿದ್ದಳು, ಒಬ್ಬೊಬ್ಬರು ನಗುತ್ತಿದ್ದರು, ಒಬ್ಬೊಬ್ಬರು ದೂರ ಸರಿಯುತ್ತಿದ್ದರು. ಫೆಬ್ರವರಿಯ ಒಂದು ಮಧ್ಯಾಹ್ನ ಅವಳು ಮೂಸಿ ಸುಮ್ಮನಾಗಲಿಲ್ಲ, ಎಳೆದಳು. ಮಾಲೆಯ ಜೊತೆ ಆ ಹೆಂಗಸಿನ ಕೂದಲೂ ಬಂತು. ಆಕೆ ತಿರುಗಿದವಳೇ ಅಕ್ಕನ ಕೆನ್ನೆಗೆ ಬಿಗಿದಳು. ಬಾಗಿಲ ಹತ್ತಿರ ನಮ್ಮ ಸಾಲಿಯ ಮೇಲಿನ ವರ್ಗದ ಇಬ್ಬರು ಹುಡುಗಿಯರು ನಿಂತಿದ್ದರು. ನನ್ನ ಯೂನಿಫಾರ್ಮೂ ಅವರದೂ ಒಂದೇ.

"ಯೇ ಕಿಸ್ಕೆ ಸಾಥ್ ಹೈ? ಕೌನ್ ಹೈ ಇಸ್ಕೆ ಸಾಥ್?"

ಇವಳ ಜೊತೆ ಯಾರಿದ್ದೀರಿ ಎಂದು ಆಕೆ ಮೂರು ಸಲ ಕೇಳಿದಳು. ನಾನು ಕಿಟಕಿಯಾಚೆ ನೋಡುತ್ತ ಕೂತೆ. ಭಾಂಡುಪ್‌ನಿಂದ ವಿಕ್ರೋಳಿವರೆಗೆ ಅಕ್ಕ ಡಬ್ಬಿಯ ನಡುವೆ ಕೆನ್ನೆ ಹಿಡಿದುಕೊಂಡು ನಿಂತಿದ್ದಳು. ಅಳಲಿಲ್ಲ, ನನ್ನನ್ನು ಹುಡುಕುತ್ತಿದ್ದಳು. ಕೊನೆಗೆ ನಾನು ಅವಳ ಕಣ್ಣಿಗೆ ಬಿದ್ದೆ. ಮಂದಿಯನ್ನು ಸರಿಸಿಕೊಂಡು ಬಂದು ನನ್ನ ಭುಜದ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವಂತೆ, ತನಗೆ ಚೆನ್ನಾಗಿ ಬರುತ್ತಿದ್ದ ಮಾತೊಂದನ್ನು ಅಂದಳು.

"ತಂಗಿ."

ಆ ಇಬ್ಬರು ಹುಡುಗಿಯರು ತಿರುಗಿ ನೋಡಿದರು. ನನಗೆ ಹೊಡೆದವಳ ಮೇಲೆ ಸಿಟ್ಟು ಬರಲಿಲ್ಲ, ಅಕ್ಕನ ಮೇಲೆ ಬಂತು. ಇದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಅವತ್ತಿನಿಂದ ಮಧ್ಯಾಹ್ನದ ಆ ರೈಲು ನನ್ನ ತಲೆಯಲ್ಲಿ ಬೆಳಿಗ್ಗೆಯಿಂದಲೇ ಓಡತೊಡಗಿತು. ಗಣಿತದ ಪಿರಿಯಡ್ಡಿನಲ್ಲೂ ಅದೇ ಚಿಂತೆ.

ಏಪ್ರಿಲ್ ಕೊನೆಗೆ ವೈಶಾಲಿ ಟೀಚರ್ ಅಪ್ಪ ಅವ್ವ ಇಬ್ಬರನ್ನೂ ಕರೆಸಿದರು. ಹದಿನಾರು ತುಂಬಿದವರಿಗೆ ಅಲ್ಲಿ ಕೆಳಗಿನ ವರ್ಗ ಮುಗಿಯುತ್ತಿತ್ತು. ಮುಂದೆ ಎರಡು ದಾರಿ. ಒಂದು, ದೊಡ್ಡ ಮಕ್ಕಳ ವರ್ಗ: ಕಾಗದದ ಚೀಲ, ಮೇಣದಬತ್ತಿ ಮಾಡುವುದನ್ನು ಕಲಿಸುತ್ತಾರೆ, ಜೊತೆಗೆ ಬಸ್ಸು ಹತ್ತುವುದು, ಅಂಗಡಿಗೆ ಹೋಗುವುದು. ಬೆಳಿಗ್ಗೆಯಿಂದ ಸಂಜೆ ಐದರವರೆಗೆ. ಜಾಗ ಕಡಿಮೆ, ಒಮ್ಮೆ ಬಿಟ್ಟರೆ ಮತ್ತೆ ಸಿಗುವುದು ಕಷ್ಟ. ಇನ್ನೊಂದು, ಮನೆಯಲ್ಲೇ ಇಟ್ಟುಕೊಂಡು ಕಲಿಸುವುದು; ಏನು ಕಲಿಸಬೇಕೆಂದು ಸಾಲಿಯವರೇ ಬರೆದು ಕೊಡುತ್ತಾರೆ. ಯಾವುದು ಎಂಬುದನ್ನು ಈಗಲೇ ಹೇಳಬೇಡಿ, ಮೇ ರಜೆಯಲ್ಲಿ ಮನೆಯಲ್ಲಿ ಕಲಿಸಿ ನೋಡಿ ಎಂದು ಟೀಚರ್ ಒಂದು ನೋಟ್‌ಬುಕ್ ಕೊಟ್ಟರು. ಪ್ರತಿ ದಿನಕ್ಕೂ ಒಂದು ಪುಟ. ಹಲ್ಲುಜ್ಜುವುದು, ಸ್ನಾನ, ಬಟ್ಟೆಯ ಗುಂಡಿ, ಊಟ, ತಾಟು ತೊಳೆಯುವುದು, ಹತ್ತರವರೆಗೆ ಎಣಿಕೆ. ಪಕ್ಕದಲ್ಲಿ ಮೂರು ಮನೆ: ತಾನೇ ಮಾಡಿದಳು, ಸಹಾಯದಿಂದ ಮಾಡಿದಳು, ಮಾಡಲಿಲ್ಲ. ರಜೆಯಲ್ಲಿ ಬಹಳ ಮಕ್ಕಳು ಕಲಿತದ್ದನ್ನು ಮರೆತು ಬರುತ್ತಾರೆ, ಇವಳು ಮರೆಯದಿದ್ದರೆ ನಿಮ್ಮ ಮನೆಯಲ್ಲೂ ಕಲಿಯುತ್ತಾಳೆ ಎಂದರ್ಥ, ಆದರೆ ಇದರಲ್ಲಿ ಮಾರ್ಕ್ಸ್ ಇಲ್ಲ, ಇದ್ದದ್ದನ್ನೇ ಬರೆಯಿರಿ ಎಂದರು. ಎಲ್ಲವೂ ಇಂಗ್ಲಿಷಿನಲ್ಲಿತ್ತು. ಅವ್ವ ಊರಲ್ಲಿ ಕನ್ನಡ ನಾಲ್ಕನೇ ಇಯತ್ತೆ ಕಲಿತವಳು. ನೋಟ್‌ಬುಕ್ ನೇರವಾಗಿ ನನ್ನ ಕೈಗೆ ಬಂತು.

ಅವತ್ತು ಮನೆಗೆ ಬಂದಮೇಲೆ ಅಪ್ಪ ಅವ್ವನ ನಡುವೆ ಸುರುವಾದ ಜಗಳ ಒಂದು ತಿಂಗಳು ಒಲೆಯ ಮೇಲೇ ಇತ್ತು. ಅಪ್ಪ ವಿಕ್ರೋಳಿಯ ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಅಳೆದು ಪಾಸು ಮಾಡುವ ಕೆಲಸದಲ್ಲಿದ್ದ. ಮಾತು ಕಡಿಮೆ. ಆಡಿದ ಮಾತನ್ನು ಮತ್ತೆ ಮತ್ತೆ ಆಡುವುದು ಅವನ ಸ್ವಭಾವ.

"ಅಕಿ ನಾಕ ಮಂದಿ ನಡುವ ಇರಬೇಕು. ದೊಡ್ಡ ವರ್ಗಕ್ಕ ಹಾಕೂಣು."

"ಸಂಜೀ ಐದರ ಗಾಡಿ ನೀವು ನೋಡೀರೇನ್ರಿ? ಆ ಗದ್ದಲದಾಗ ಬೆಳದ ಹುಡಿಗೀನ ಹೆಂಗ ತರೂದು? ತಿಂಗಳಾ ಅಕಿದು ಮೂರ ದಿನ ನಾ ಹೆಂಗ ಮಾಡ್ತೇನಿ ನನಗ ಗೊತ್ತು. ಚೀಲಾ ಮಾಡೂದು ಕಲತು ಏನ ಮಾಡೋದದ? ಮನ್ಯಾಗ ರಾಣಿಯಂಗ ಇರ್ತಾಳ."

"ನಾವಿರೂತನಕ ಆತು. ಮುಂದ?"

"ಮುಂದ ಸುಮಿ ಅದಾಳಲ್ಲ."

ಸುಮಿ ಎಂದರೆ ನಾನು. ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ನನ್ನ ಮುಂದಿನ ಆಯುಷ್ಯದ ಪಾಲುಪತ್ರ ಅವ್ವ ಅಷ್ಟು ಸಲೀಸಾಗಿ ಬರೆದು ಮುಗಿಸಿದ್ದಳು, ಅಪ್ಪನೂ ಅದಕ್ಕೊಂದು ಮಾತು ಆಡಲಿಲ್ಲ. ನನಗೆ ಉರಿಯಿತು. ಆದರೆ ಆ ಮಾತಿಗಿಂತ ನನಗೆ ಹೆದರಿಕೆ ಹುಟ್ಟಿಸಿದ್ದು ಐದು ಗಂಟೆಯ ರೈಲು. ಆ ಹೊತ್ತಿಗೆ ಅವ್ವನ ಎರಡನೇ ಸಲದ ರೊಟ್ಟಿ, ಆಯಿಯ ಔಷಧ, ಹೋಗಬೇಕಾದವಳು ನಾನೇ. ಮಧ್ಯಾಹ್ನದ ಖಾಲಿ ಡಬ್ಬಿಯಲ್ಲೇ ಆ ಗತಿಯಾದರೆ ಸಂಜೆಯ ನೂಕುನುಗ್ಗಲಿನಲ್ಲಿ ಏನು? ಅಕ್ಕ ಮನೆಯಲ್ಲೇ ಉಳಿಯಬೇಕು. ನನ್ನ ಮನಸ್ಸಿನಲ್ಲಿ ಅದು ಗಟ್ಟಿಯಾದದ್ದು ಆ ಗ್ಯಾಲರಿಯಲ್ಲೇ.

ಮೇ ತಿಂಗಳ ಮೊದಲ ದಿನ ನಾನು ಪ್ರಾಮಾಣಿಕಳಾಗಿಯೇ ಪೆನ್ನು ಹಿಡಿದು ಕೂತೆ. ಊಟ ಎಂದು ಬರೆದಿದ್ದ ಸಾಲು ಬಂದಾಗ ಅವ್ವನನ್ನು ಕೇಳಿದೆ.

"ಅವ್ವಾ, ಇಲ್ಲೆ ಏನಂತ ಬರೀಲಿ? ಸಹಾಯದಿಂದ ಅಂತ ಬರೀತೇನಿ."

"ಯಾರ ಸಹಾಯಾ?"

"ನಿಂದು. ನೀ ಉಣಿಸಿದೆಲ್ಲ."

ಅವ್ವ ನನ್ನನ್ನು ಹುಚ್ಚಿಯನ್ನು ನೋಡಿದಂತೆ ನೋಡಿದಳು.

"ನನ್ನ ಕೈ ಏನ ಬ್ಯಾರೇದವ್ರ ಕೈ ಏನ? ತಾನ ಉಂಡಾಳ ಅಂತ ಬರಿ."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಆ ಮಾತನ್ನು ಈಗಲೂ ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಅವಳ ಲೆಕ್ಕದಲ್ಲಿ ನೆರೆಮನೆಯವರು ಬಂದು ಉಣಿಸಿದರೆ ಅದು ಸಹಾಯ. ತಾಯಿ ಉಣಿಸಿದರೆ ಮಗಳು ಉಂಡಂತೆಯೇ, ನಡುವೆ ಮೂರನೆಯವರು ಯಾರೂ ಇರಲಿಲ್ಲ. ಅವಳೇ ಜಡೆ ಹಾಕಿದಳು, ಗುಂಡಿ ಹಾಕಿದಳು, ಅಕ್ಕನ ಕೈ ಹಿಡಿದು ಹಲ್ಲುಜ್ಜಿಸಿದಳು, ಎಲ್ಲವೂ ನೀಲಾ ತಾನೇ ಮಾಡಿದ್ದಾಯಿತು. ಆದರೆ ನನಗೆ ಗೊತ್ತಿತ್ತು. ಟೀಚರ್ ಕೇಳಿದ್ದೇನು, ಅವ್ವ ತಿಳಿದದ್ದೇನು, ಎರಡೂ ತಿಳಿಯುತ್ತಿದ್ದವಳು ಆ ಮನೆಯಲ್ಲಿ ನಾನೊಬ್ಬಳೇ. ಒಂದು ಮಾತು ಬಿಡಿಸಿ ಹೇಳಿದ್ದರೆ ಅವ್ವ ಬೈಯುತ್ತಿದ್ದಳೋ ಅಳುತ್ತಿದ್ದಳೋ, ಕೊನೆಗೆ ಕೇಳಿಸಿಕೊಳ್ಳುತ್ತಿದ್ದಳು. ನಾನು ಹೇಳಲಿಲ್ಲ. ಅವ್ವ ಹೇಳಿದಂತೆ ಬರೆಯುತ್ತಿದ್ದೇನೆ ಎಂಬ ಚಂದದ ನೆವ ಸಿಕ್ಕಿತ್ತು. ಮೊದಲನೇ ಮನೆಯಲ್ಲಿ ಸಾಲಾಗಿ ಗುರುತು ಹಾಕಿದೆ.

ಎರಡನೇ ರವಿವಾರ ಅಪ್ಪ ನೋಟ್‌ಬುಕ್ ತೆಗೆದು ನೋಡಿದ. ಅವನಿಗೆ ಇಂಗ್ಲಿಷ್ ಓದಲು ಅಷ್ಟಕ್ಕಷ್ಟೇ. ಗುರುತುಗಳ ಮೇಲೆ ಮಾತ್ರ ಬೆರಳಾಡಿಸುತ್ತ ಹೋದ, ಪುಟದಿಂದ ಪುಟಕ್ಕೆ.

"ಎಲ್ಲಾ ದಿವಸ ಒಂದ ನಮೂನಿ ರೀಡಿಂಗ್ ಬರೂದಿಲ್ಲ ಸುಮಿ. ಮಷೀನಿಗೂ ಬರೂದಿಲ್ಲ."

ಅಷ್ಟೇ ಅಂದು ಮುಚ್ಚಿಟ್ಟ. ಮರುದಿನದಿಂದ ನಾನು ಜಾಣಳಾದೆ. ಅಲ್ಲೊಂದು ಇಲ್ಲೊಂದು ಗುರುತನ್ನು ಎರಡನೇ ಮನೆಗೆ ಸರಿಸಿದೆ, ಎಣಿಕೆಯಲ್ಲಿ ಎರಡು ದಿನ ಮಾಡಲಿಲ್ಲ ಎಂದೂ ಬರೆದೆ. ನೋಡಿದರೆ ನಿಜವೆನ್ನಬೇಕು, ಹಾಗೆ. ಸುಳ್ಳನ್ನು ನಯ ಮಾಡುವುದನ್ನು ಪಾಪ ಅಪ್ಪನೇ ನನಗೆ ಹೇಳಿಕೊಟ್ಟ ಹಾಗಾಯಿತು. ಊಟದ ಸಾಲಿನಲ್ಲಿ ಮಾತ್ರ ಏನೂ ಬದಲಿಸಲಿಲ್ಲ. ಟೀಚರ್ ಮೊದಲು ನೋಡುವುದು ಅದನ್ನೇ ಎಂದು ನನಗೆ ಗೊತ್ತಿತ್ತು.

ಜೂನ್ ಮೊದಲ ವಾರ ನಾವೆಲ್ಲ ಮುಲುಂಡ್‌ಗೆ ಹೋದೆವು. ಆಯಿಯ ಹತ್ತಿರ ನೆರೆಮನೆಯವರನ್ನು ಕೂರಿಸಿದ್ದೆವು. ವೈಶಾಲಿ ಟೀಚರ್ ಪುಟ ಪುಟವನ್ನೂ ನೋಡಿದರು. ಆಮೇಲೆ ಎದ್ದು ಅಕ್ಕನ ಕೈಹಿಡಿದು ಊಟದ ಚಾಪೆಯ ಮೇಲೆ ಕೂರಿಸಿ, ಅವ್ವ ಕಟ್ಟಿ ತಂದಿದ್ದ ಡಬ್ಬಿಯನ್ನು ಅವಳ ಮುಂದಿಟ್ಟರು. ಒಂದು ತಿಂಗಳು ಅವಳು ಒಂದು ತುತ್ತನ್ನೂ ತಾನೇ ಎತ್ತಿಕೊಂಡಿರಲಿಲ್ಲ. ಈಗ ಬಾಯಿ ತೆರೆದು ಅವ್ವನ ಕಡೆ ತಿರುಗುತ್ತಾಳೆ, ನನ್ನ ಬಣ್ಣ ಬಯಲಾಗುತ್ತದೆ. ಅಕ್ಕ ಡಬ್ಬಿಯನ್ನು ನೋಡಿದಳು, ಗೋಡೆಯನ್ನು ನೋಡಿದಳು, ಎದುರಿನ ಕಿಟಕಿಯನ್ನು ನೋಡಿದಳು. ಮುಚ್ಚಳ ತೆಗೆದಳು. ರೊಟ್ಟಿ ಹರವಿದಳು. ಮುರಿದಳು, ಅದ್ದಿದಳು, ತಿಂದಳು. ತನ್ನ ಜಾಗಕ್ಕೆ ಮರಳಿ ಬಂದ ಖುಷಿ ಅವಳ ಮುಖದ ಮೇಲೆ ಕುಣಿಯುತ್ತಿತ್ತು. ಕೂತಲ್ಲಿಂದಲೇ ಅತ್ತಿತ್ತ ಕತ್ತು ಹೊರಳಿಸಿ, ಯಾರಿಗಾದರೂ ನೀರು ಬೇಕೇನೋ ಎಂದು ಹುಡುಕಿದಳು.

ಅವ್ವ ಬೆರಗಾಗಿ ನಿಂತುಬಿಟ್ಟಿದ್ದಳು. ಮಗಳು ತಾನೇ ಉಣ್ಣುವುದನ್ನು ಅವಳು ಕಣ್ಣಾರೆ ಕಂಡದ್ದು ಅದೇ ಮೊದಲು. ಟೀಚರ್ ಅವ್ವನ ಎರಡೂ ಕೈ ಹಿಡಿದುಕೊಂಡು, ರಜೆಯಲ್ಲೂ ಮರೆತಿಲ್ಲ ನೋಡಿ, ಇದು ನಿಮ್ಮ ಶ್ರಮ, ನಿಮ್ಮ ಮನೆಯೇ ಇವಳಿಗೆ ಸಾಲಿ ಎಂದರು. ಆ ಸಾಲಿಯ ಚಾಪೆ ಕಲಿಸಿದ್ದು ನಮ್ಮ ಮನೆಯ ಹೆಸರಿಗೆ ಜಮೆಯಾಯಿತು. ಅವ್ವನ ಮುಖದಲ್ಲಿ ಅಂಥ ಹೆಮ್ಮೆಯನ್ನು ನಾನು ಮೊದಲು ಕಂಡಿರಲಿಲ್ಲ, ಆಮೇಲೆಯೂ ಕಾಣಲಿಲ್ಲ. ಮನೆಯಲ್ಲೇ ಕಲಿಸುತ್ತೇವೆ ಎಂಬ ಕಾಗದ ತಂದು ಟೀಚರ್ ಅಪ್ಪನ ಸಹಿಗೆ ಜಾಗ ತೋರಿಸಿದರು. ಸೋಮವಾರದವರೆಗೆ ದೊಡ್ಡ ವರ್ಗದಲ್ಲಿ ಅವಳ ಜಾಗ ಇಟ್ಟಿರುತ್ತೇವೆ, ಮನಸ್ಸು ಬದಲಾದರೆ ಫೋನ್ ಮಾಡಿ ಎಂದೂ ಹೇಳಿದರು. ಅಪ್ಪ ಬಹಳ ಹೊತ್ತು ಪೆನ್ನಿನ ಮುಚ್ಚಳ ಹಾಕುತ್ತ ತೆಗೆಯುತ್ತ ಕೂತಿದ್ದು, ಸಹಿ ಹಾಕಿದ.

ಬರುವಾಗ ಅವ್ವ ಮತ್ತು ಅಕ್ಕ ಲೇಡೀಸ್ ಡಬ್ಬಿ ಹತ್ತಿದರು. ನಾನು ಅಪ್ಪನ ಜೊತೆ ಜನರಲ್‌ನಲ್ಲಿ ಬಂದೆ. ನಾಹೂರ್ ದಾಟಿದ ಮೇಲೆ ಅಪ್ಪ ನನ್ನ ಕಿವಿಯ ಹತ್ತಿರ ಬಾಗಿದ.

"ಸುಮಿ, ನೀ ಬರದದ್ದು ಖರೇನ?"

"ಹೂಂ ಅಪ್ಪಾ."

"ಮನ್ಯಾಗ ಅಕಿ ತಾನ ಉಣ್ತಿದ್ದಳ? ನಾ ಶಿಫ್ಟಿಗೆ ಹೋದ ಮ್ಯಾಲೆ?"

"ಹೂಂ. ಖರೇನ."

ಅಪ್ಪ ತಲೆಯಾಡಿಸಿದ. ನಂಬಿದನೋ, ನಂಬಬೇಕೆಂದುಕೊಂಡನೋ ನನಗೆ ಇಂದಿಗೂ ಗೊತ್ತಿಲ್ಲ. ಸಂಜೆಯ ಊಟಕ್ಕೆ ಬಹಳ ದಿನ ಅವನು ಮನೆಯಲ್ಲೇ ಇರುತ್ತಿದ್ದ, ಅಕ್ಕ ಬಾಯಿ ತೆರೆಯುವುದು ಅವನಿಗೆ ಕಾಣುತ್ತಿರಲಿಲ್ಲವೇ? ಅವನೂ ಒಂದು ತಿಂಗಳ ಜಗಳದಿಂದ ಸೋತಿದ್ದನೇನೋ, ಯಾರಾದರೂ ಹೂಂ ಅಂದರೆ ಸಾಕು ಅನಿಸಿತ್ತೇನೋ. ಈಗ ಅವ್ವನೂ ಇಲ್ಲ, ಅಪ್ಪನೂ ಇಲ್ಲ. ಅಕ್ಕ ನನ್ನ ಜೊತೆ ಇದ್ದಾಳೆ. ವಿಚಿತ್ರವೆಂದರೆ ನನ್ನ ಮನೆ ಈಗ ಮುಲುಂಡ್‌ನಲ್ಲೇ, ಆ ಸಾಲಿಯಿಂದ ಹತ್ತು ನಿಮಿಷದ ದಾರಿ. ತರಕಾರಿಗೆ ಹೋಗುವಾಗ ನಾನು ಸುತ್ತು ಹಾಕಿ ಇನ್ನೊಂದು ರಸ್ತೆಯಿಂದ ಹೋಗುತ್ತೇನೆ. ಒಮ್ಮೆ ಆಟೋದವನು ಆ ದಾರಿ ಹಿಡಿದಾಗ ಕಾಗದದ ಚೀಲಗಳ ಕಟ್ಟು ಹೊತ್ತುಕೊಂಡು ಇಬ್ಬರು ನಡುವಯಸ್ಸಿನ ಹೆಂಗಸರು ಗೇಟಿನಿಂದ ಹೊರಗೆ ಬರುತ್ತಿದ್ದರು. ಜೊತೆಗೆ ಯಾರೂ ಇರಲಿಲ್ಲ. ತಾವೇ ಎಡಬಲ ನೋಡಿ ರಸ್ತೆ ದಾಟಿದರು. ಅವರಲ್ಲೊಬ್ಬಳು ಅಂದು ಅಕ್ಕ ನೀರು ತಂದುಕೊಟ್ಟ ಆ ಹುಡುಗಿಯಿದ್ದರೂ ಇರಬಹುದು. ಮನೆಗೆ ಬಂದು ಅಕ್ಕನ ಮೇಲೆ ಏನೋ ಒಂದಕ್ಕೆ ರೇಗಿದೆ.

ಆ ಜೂನ್‌ನಲ್ಲಿ ಸಾಲಿ ಸುರುವಾದದ್ದು ಅಪ್ಪ ಸಹಿ ಹಾಕಿದ ವಾರದ ಗುರುವಾರವೇ. ಅವತ್ತು ಬೆಳಿಗ್ಗೆ ಅಕ್ಕ ಯಾರೂ ಎಬ್ಬಿಸದೆ ಎದ್ದಳು. ಪಟಪಟ ಸಪ್ಪಳ ನಿಲ್ಲುವ ಹೊತ್ತಿಗೆ ಸರಿಯಾಗಿ ಹೆಗಲಿಗೆ ಚೀಲ ಹಾಕಿಕೊಂಡು ಬಾಗಿಲ ಹತ್ತಿರ ಬಂದು ನಿಂತಳು.

"ಇವತ್ತ ಸಾಲಿ ಇಲ್ಲವ್ವಾ. ಇನ್ನ ಮ್ಯಾಲೆ ಮನ್ಯಾಗ ಸಾಲಿ."

ಹಾಗೆಂದು ಅವ್ವ ಅವಳ ಚೀಲ ತೆಗೆದಿಟ್ಟಳು. ಅಕ್ಕ ಮತ್ತೆ ಹಾಕಿಕೊಂಡಳು. ಹಟ ಮಾಡಲಿಲ್ಲ, ಕೂಗಲಿಲ್ಲ. ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು ಮಧ್ಯಾಹ್ನದವರೆಗೆ ನಿಂತಳು. ನೆರೆಮನೆಯವರು ಮೆಟ್ಟಿಲಿಳಿಯುವಾಗಲೆಲ್ಲ ಅವರ ಹಿಂದೆ ಒಂದು ಹೆಜ್ಜೆ ಇಡುತ್ತಿದ್ದಳು, ಅವ್ವ ತೋಳು ಹಿಡಿದು ಒಳಗೆ ತರುತ್ತಿದ್ದಳು. ಶುಕ್ರವಾರವೂ ಹಾಗೇ. ಶನಿವಾರವೂ ಹಾಗೇ. ರವಿವಾರ ಅಪ್ಪ ಮನೆಯಲ್ಲಿದ್ದವನು ಅವಳು ಚೀಲ ಹಾಕಿಕೊಂಡು ನಿಂತಿದ್ದನ್ನು ನೋಡುತ್ತ ಚಹಾ ಆರಿಸಿಬಿಟ್ಟ. ಆಮೇಲೆ ನನ್ನನ್ನು ಗ್ಯಾಲರಿಗೆ ಕರೆದ. ಅವನ ಕೈಯಲ್ಲಿ ಮೊಬೈಲ್ ಇತ್ತು.

"ನಾಳಿಗೆ ಸೋಮವಾರ. ಟೀಚರಿಗೆ ಫೋನ್ ಹಚ್ಚಲೇನ? ನೀ ಹೇಳು. ನೀ ಹೇಳಿದಂಗ ಮಾಡ್ತೇನಿ."

ಹದಿಮೂರು ವರ್ಷದವಳನ್ನು ಯಾಕೆ ಕೇಳಿದೆ ಎಂದು ಅಪ್ಪನ ಮೇಲೆ ಎಷ್ಟೋ ವರ್ಷ ಒಳಗೊಳಗೇ ಜಗಳವಾಡಿದ್ದೇನೆ. ಅವನಿಗೆ ಬೇರೆ ಯಾರನ್ನು ಕೇಳಬೇಕೆಂದು ತಿಳಿದಿರಲಿಲ್ಲ. ಆ ಮನೆಯಲ್ಲಿ ಇಂಗ್ಲಿಷ್ ಓದಲು ಬರೆಯಲು ಬರುತ್ತಿದ್ದವಳು ನಾನು, ಕಾಗದದ ಮಾತು ಅಂದರೆ ನನ್ನ ಮಾತು. ನನ್ನ ಕಣ್ಣಮುಂದೆ ಐದು ಗಂಟೆಯ ಪ್ಲಾಟ್‌ಫಾರ್ಮ್ ಬಂತು. ಆ ಇಬ್ಬರು ಹುಡುಗಿಯರು ಬಂದರು.

"ಬ್ಯಾಡ ಅಪ್ಪಾ. ಅಕ್ಕಗ ನಾ ಕಲಸ್ತೇನಿ. ದಿನಾ ಸಾಲಿಯಿಂದ ಬಂದು ನಾನ ಕಲಸ್ತೇನಿ. ಅಕ್ಕನ ಆಣಿ."

ಅಪ್ಪ ಮೊಬೈಲನ್ನು ಜೇಬಿಗಿಟ್ಟುಕೊಂಡ. ನನ್ನ ತಲೆಯ ಮೇಲೆ ಕೈಯಾಡಿಸಿದ. ಅವನು ಹಾಗೆ ಮಾಡುವವನಲ್ಲ, ಅದಕ್ಕೇ ಅದು ಇನ್ನೂ ನೆನಪಿದೆ.

ಹನ್ನೊಂದು ದಿನ ಕಲಿಸಿದೆ. ನೆಲದ ಮೇಲೆ ಶೇಂಗಾ ಹರವಿ ಒಂದು ಎರಡು ಎಂದು ಎಣಿಸಲು ಹೇಳಿಕೊಟ್ಟೆ. ಅಕ್ಕ ಮೂರರವರೆಗೆ ಬಂದು ನಾಲ್ಕನೆಯದನ್ನು ತಿಂದುಬಿಡುತ್ತಿದ್ದಳು. ಮೊದಲೆರಡು ದಿನ ನಾವಿಬ್ಬರೂ ನಕ್ಕೆವು. ಮೂರನೇ ದಿನ ನನಗೆ ನಗು ಬರಲಿಲ್ಲ. ಆರನೇ ದಿನ ಅವಳ ಕೈಮೇಲೆ ಸ್ಕೇಲಿನಿಂದ ಹೊಡೆದೆ. ಅವ್ವ ನನಗೆ ಹೊಡೆದಳು. ಹನ್ನೊಂದನೇ ದಿನದ ಮೇಲೆ ನನ್ನ ಯೂನಿಟ್ ಟೆಸ್ಟ್ ಬಂತು, ಆಮೇಲೆ ಕ್ಲಾಸಿನ ಹುಡುಗಿಯರ ಜೊತೆ ಓದಲು ಹೋಗತೊಡಗಿದೆ. ಮಧ್ಯಾಹ್ನಗಳು ನನ್ನವಾಗಿದ್ದವು. ಗೆಳತಿಯರ ಜೊತೆ ಗುಂಪಾಗಿ ಮನೆಗೆ ಬರುವ ಸುಖ ಎಂಥದೆಂದು ಆ ಮಳೆಗಾಲದಲ್ಲಿ ನನಗೆ ತಿಳಿಯಿತು. ಸುಖವಾಗಿಯೇ ಇದ್ದೆ, ಅದನ್ನೂ ಹೇಳಿಬಿಡಬೇಕು. ಇತ್ತ ಅಕ್ಕ ಪ್ರತಿದಿನ ಬೆಳಿಗ್ಗೆ ಚೀಲ ಹಾಕಿಕೊಂಡು ಬಾಗಿಲಿಗೆ ಬರುವುದನ್ನು ಬಿಟ್ಟಿರಲಿಲ್ಲ. ನಾನು ಸಾಲಿಗೆ ಹೊರಡುವಾಗ ಅವಳನ್ನು ಸರಿಸಿಕೊಂಡೇ ಹೋಗಬೇಕಿತ್ತು. ಹಾಗೆ ಸರಿಸುವಾಗ ನಾನು ಅವಳ ಮುಖ ನೋಡುತ್ತಿರಲಿಲ್ಲ.

ಜುಲೈ ಮುಗಿಯುತ್ತ ಬಂದ ಒಂದು ಬೆಳಿಗ್ಗೆ ಬಾಗಿಲು ಖಾಲಿಯಿತ್ತು. ನಾನು ಚಪ್ಪಲಿ ಮೆಟ್ಟಿ ಹಿಂದಿರುಗಿ ನೋಡಿದೆ. ಅಕ್ಕ ಹಾಸಿಗೆಯಲ್ಲೇ ಇದ್ದಳು, ಎಚ್ಚರವಾಗಿಯೇ ಇದ್ದಳು, ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮಾತಾಡಿಸಿದರೆ ತಿರುಗಲಿಲ್ಲ. ಅವ್ವ ಹಿಟ್ಟಿನ ಕೈಯಲ್ಲೇ ಅಡಿಗೆಮನೆಯಿಂದ ಹೊರಗೆ ಬಂದು ಒಮ್ಮೆ ಬಾಗಿಲು ನೋಡಿದಳು, ಒಮ್ಮೆ ಹಾಸಿಗೆ ನೋಡಿದಳು. ಅವಳ ಮುಖ ಅರಳಿತು.

"ಶ್ಯಾಣ್ಯಾಕಿ ಆದಳ ನೋಡ ನನ್ನ ಮಗಳು. ತಿಳೀತು ಅಕಿಗೆ. ಇನ್ನ ಮ್ಯಾಲೆ ಕೇಳೂದಿಲ್ಲ."

ಕೇಳಲಿಲ್ಲ. ನಮ್ಮ ಮನೆಯ ಸಾಲಿಯಲ್ಲಿ ಅಕ್ಕ ಯಾರ ಸಹಾಯವೂ ಇಲ್ಲದೆ, ತಾನೇ, ಪೂರ್ತಿಯಾಗಿ ಕಲಿತ ಪಾಠ ಅದೊಂದೇ.